ಜಮ್ಶೇಟ್‌ಜಿ ಜೀಜಿಭಾಯಿ: ಔದಾರ್ಯದ ಜಮಾಖರ್ಚು

ದಾನಿಗಳ ಜೀವನಚರಿತ್ರೆಯನ್ನು ಬರೆಯುವ ಕ್ರಮವೊಂದು ನಮ್ಮಲ್ಲಿ ರೂಢಿಯಾಗಿದೆ. ಬಡತನದ ಬಾಲ್ಯ, ಸಾಹಸದ ಯೌವನ, ಸಂಪತ್ತಿನ ನಡುವಯಸ್ಸು, ಕೊನೆಗೆ ತ್ಯಾಗ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಕಥನ ಮೇಲೇರುತ್ತದೆ. ಮೂರನೆಯ ಮೆಟ್ಟಿಲಿನ ಮೇಲೆ ಚರಿತ್ರಕಾರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುಂಬಯಿಯ ಸರ್ ಜಮ್ಶೇಟ್‌ಜಿ ಜೀಜಿಭಾಯಿ ಅವರ ವಿಷಯದಲ್ಲಂತೂ ಈ ಅವಸರ ಎದ್ದು ಕಾಣುತ್ತದೆ. ಆಸ್ಪತ್ರೆ, ಕಲಾಶಾಲೆ, ಮೇಲುಸೇತುವೆ ಎಲ್ಲವೂ ಜನರ ಬಾಯಲ್ಲಿ ಜೇಜೇ ಆಗಿವೆ. ಹೆಸರು ಎರಡು ಅಕ್ಷರಗಳಾಗಿ ಉಳಿದಿದೆ, ಮನುಷ್ಯ ಮರೆಯಾಗಿದ್ದಾರೆ.

ಅವರು ಹುಟ್ಟಿದ್ದು 1783ರ ಜುಲೈ 15ರಂದು. ನವಸಾರಿಯ ಮೂಲದ, ಹೇಳಿಕೊಳ್ಳುವಂಥ ಸ್ಥಿತಿಯಿಲ್ಲದ ಪಾರಸಿ ಮನೆತನ. ಹದಿನಾರರ ಸುಮಾರಿಗೆ ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿಯಲ್ಲಿ ಸೋದರಮಾವ ಫ್ರಾಮ್‌ಜಿ ಬಾಟ್ಲಿವಾಲಾ ಅವರ ಆಶ್ರಯ ಸೇರಿದರು. ಹಳೆಯ ಬಾಟಲಿಗಳ ವ್ಯಾಪಾರ ಆ ಮನೆಯ ಕಸುಬಾಗಿತ್ತು. 1803ರಲ್ಲಿ ಮಾವನ ಮಗಳು ಆವಾಬಾಯಿಯನ್ನು ವರಿಸಿದರು. ಚೀನಕ್ಕೆ ಒಟ್ಟು ಐದು ಬಾರಿ ಸಮುದ್ರಯಾನ ಮಾಡಿದರು. 1805ರಲ್ಲಿ ಅವರಿದ್ದ ಬ್ರನ್ಸ್‌ವಿಕ್ ಎಂಬ ಹಡಗನ್ನು ಫ್ರೆಂಚರು ಹಿಡಿದರು. ಸರಕೆಲ್ಲ ಹೋಯಿತು, ಗುಡ್‌ಹೋಪ್ ಭೂಶಿರದ ಬಳಿ ಬರಿಗೈಯಲ್ಲಿ ಇಳಿಯಬೇಕಾಯಿತು. ಅದೇ ಹಡಗಿನ ವೈದ್ಯನಾಗಿದ್ದವನು ವಿಲಿಯಂ ಜಾರ್ಡಿನ್. ಕಷ್ಟದಲ್ಲಿ ಕೂಡಿದ ಈ ಸ್ನೇಹ ಮುಂದೆ ಇಬ್ಬರನ್ನೂ ಕುಬೇರರನ್ನಾಗಿ ಮಾಡಿತು.

ಯಾವ ಸರಕಿನಿಂದ ಎಂದು ಇಲ್ಲಿ ಕೇಳಬೇಕು. ಹತ್ತಿ ಇತ್ತು, ನಿಜ. ಆದರೆ ಲಾಭದ ಬೆನ್ನೆಲುಬು ಅಫೀಮು. ಮಾಳವದ ಗದ್ದೆಗಳಲ್ಲಿ ಬೆಳೆದ ಅಫೀಮು ಪಶ್ಚಿಮ ಕರಾವಳಿಯಿಂದ ಹಡಗೇರಿ ಕ್ಯಾಂಟನ್ ಕಡೆಗೆ ಹೋಗುತ್ತಿತ್ತು. ಚೀನದ ಅರಸರು ಅದನ್ನು ಹಿಂದಿನ ಶತಮಾನದಿಂದಲೇ ನಿಷೇಧಿಸಿದ್ದರು. ಆದ್ದರಿಂದ ಅಲ್ಲಿ ಅದು ಕಳ್ಳಸರಕು. ಇಲ್ಲಿ ಕಂಪನಿ ಸರಕಾರವೇ ಸುಂಕ ವಸೂಲಿ ಮಾಡುತ್ತಿದ್ದ ಸಕ್ರಮ ಸರಕು. ಮೋತಿಚಂದ್ ಅಮಿಚಂದ್, ಮಹಮ್ಮದಾಲಿ ರೋಘೆ ಮುಂತಾದ ಪಾಲುದಾರರೊಡನೆ ಜೀಜಿಭಾಯಿ ನಡೆಸಿದ ವಹಿವಾಟಿನ ಬಹುಪಾಲು ಜಾರ್ಡಿನ್ ಮ್ಯಾಥೆಸನ್ ಸಂಸ್ಥೆಯ ಕೈಯಿಂದ ಸಾಗಿತು. ಅವರ ವ್ಯಾಪಾರದ ಪತ್ರಪುಸ್ತಕಗಳು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿದುಬಂದಿವೆ. ಅವುಗಳನ್ನು ಆಧರಿಸಿ ಆಸಿಯಾ ಸಿದ್ದಿಖಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೋಕದ ಒಳಗನ್ನು ಕಾಣಿಸುತ್ತದೆ. ದರ, ಹುಂಡಿ, ಹಣ ರವಾನೆ, ಬ್ರಿಟಿಷ್ ಕೋಠಿಗಳ ಮೇಲಿನ ಅವಲಂಬನೆ ಇವೇ ಅಲ್ಲಿನ ಚಿಂತೆಗಳು.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದೆಂಬ ಆಕ್ಷೇಪಣೆಗೆ ಇಲ್ಲಿ ಹೆಚ್ಚು ಬಲವಿಲ್ಲ. 1839ರಲ್ಲಿ ಆಯುಕ್ತ ಲಿನ್ ಝೆಶೂ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿದಾಗ ಅದರ ಕಾರಣ ಜಗತ್ತಿಗೇ ತಿಳಿಯಿತು. 1840ರಲ್ಲಿ ಲಂಡನ್ನಿನ ಸಂಸತ್ತಿನಲ್ಲಿಯೇ ಗ್ಲ್ಯಾಡ್‌ಸ್ಟನ್ ಆ ಯುದ್ಧವನ್ನು ಖಂಡಿಸಿದರು. ತಿಳಿಯದೆ ನಡೆದ ವ್ಯಾಪಾರವಲ್ಲ ಅದು. ಇನ್ನೊಂದು ಕಾಲಯೋಗವನ್ನೂ ಗಮನಿಸಬೇಕು. ಚೀನ 21 ದಶಲಕ್ಷ ಡಾಲರ್ ತೆರಲು ಒಪ್ಪಿದ ನಾನ್‌ಕಿಂಗ್ ಒಪ್ಪಂದ 1842ರದು; ಅದರಲ್ಲಿ 6 ದಶಲಕ್ಷ ನಾಶವಾದ ಅಫೀಮಿನ ಬೆಲೆ. ಜೀಜಿಭಾಯಿ ನೈಟ್ ಪದವಿ ಪಡೆದ ಮೊದಲ ಭಾರತೀಯರಾದದ್ದೂ 1842ರಲ್ಲಿಯೇ.

ದಾನಕಾರ್ಯ ಇದಕ್ಕೂ ಬಹಳ ಮೊದಲೇ ಆರಂಭವಾಗಿತ್ತು. 1822ರಲ್ಲಿ ಸಾಲ ತೀರಿಸಲಾಗದೆ ಸೆರೆಮನೆ ಸೇರಿದ್ದ ಬಡವರ ಬಾಕಿ ಕಟ್ಟಿ ಬಿಡಿಸಿದರು. ಸ್ವತಃ ಬರಿಗೈಯಾಗಿ ನಿಂತವರಿಗೆ ಸಾಲಗಾರನ ಸಂಕಟ ತಿಳಿದಿತ್ತೆಂದು ನಂಬಲು ಅಡ್ಡಿಯಿಲ್ಲ. ಆಸ್ಪತ್ರೆಗೆ 1 ಲಕ್ಷ ರೂಪಾಯಿ ಕೊಡಲು ಮುಂದಾದಾಗ ಸರಕಾರವೂ ಅಷ್ಟೇ ಹಾಕಬೇಕೆಂಬ ಕರಾರು ಇಟ್ಟರು. 1843ರಲ್ಲಿ ಶಂಕುಸ್ಥಾಪನೆಯಾಗಿ 1845ರಲ್ಲಿ ಅದು ತೆರೆಯಿತು; ಪಕ್ಕದಲ್ಲಿ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಬಂತು. ಅದೇ ವರ್ಷ ಮಾಹೀಮ್ ಸೇತುದಾರಿ ಸಂಚಾರಕ್ಕೆ ಸಿದ್ಧವಾಯಿತು. ಬಾಂದ್ರಾ ಮತ್ತು ಮಾಹೀಮ್‌ಗಳ ನಡುವಿನ ಖಾರಿಯನ್ನು ದೋಣಿಯಲ್ಲಿ ದಾಟಬೇಕಿದ್ದ ಕಾಲದಲ್ಲಿ ಕಂಪನಿ ಈ ಕೆಲಸಕ್ಕೆ ಹಣ ಬಿಚ್ಚಲಿಲ್ಲ. ಆವಾಬಾಯಿಯವರ ಹೆಸರಿನಲ್ಲಿ 1,57,000 ರೂಪಾಯಿ ಬಂತು, ಸುಂಕ ವಸೂಲಿ ಮಾಡಕೂಡದೆಂಬ ಷರತ್ತಿನೊಂದಿಗೆ. ಉಪನಗರಗಳಿಂದ ಇಳಿದುಬರುವ ನಮ್ಮಲ್ಲಿ ಎಷ್ಟೋ ಮಂದಿ ಇಂದಿಗೂ ಆ ದಾರಿಯಲ್ಲಿಯೇ ದಾಟುತ್ತಾರೆ. ದಾಟಿದೊಡನೆ ಸಿಗುವ ಹೆದ್ದಾರಿಗೆ ಲೇಡಿ ಜಮ್ಶೇಡ್‌ಜಿ ಎಂಬ ಹೆಸರು. ಜಾತಿಮತ ಎಣಿಸದೆ ಕೊಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಸಾಯುವ ಹೊತ್ತಿಗೆ ಅವರ ತಿಳಿದುಬಂದ ದಾನಗಳ ಮೊತ್ತ 2,30,000 ಪೌಂಡುಗಳನ್ನು ಮೀರಿತ್ತು.

ಆಸ್ಪತ್ರೆಯ ಹಾಸಿಗೆ ನಿಜ, ದಾರಿಯ ಕಲ್ಲು ನಿಜ. ಅದರಲ್ಲಿ ಸ್ವಾರ್ಥ ಎಲ್ಲಿತ್ತು? ಕನ್ನಡದ ಒಂದು ಮಾತು ಇಲ್ಲಿ ನೆರವಿಗೆ ಬರುತ್ತದೆ. ಪತ್ತು ಎಂದರೆ ನಮಗೆ ಸಾಲದ ವ್ಯವಹಾರವೂ ಹೌದು, ನಂಬಿಕೆಯೂ ಹೌದು; ಪತ್ತಿನ ಸಹಕಾರ ಸಂಘಗಳ ಹೆಸರಿನಲ್ಲಿ ಅದು ಇನ್ನೂ ಜೀವಂತವಾಗಿದೆ. ಹುಂಡಿಯ ಮೇಲೆ ನಡೆಯುವ ದೂರದೇಶದ ವ್ಯಾಪಾರದಲ್ಲಿ ವರ್ತಕನ ನಿಜವಾದ ಬಂಡವಾಳ ಅವನ ಹೆಸರು. ಯುದ್ಧಾನಂತರ ಹಡಗು, ವಿಮೆ, ಹಣ ರವಾನೆಗಳೆಲ್ಲ ಬ್ರಿಟಿಷ್ ಕೋಠಿಗಳ ಹಿಡಿತಕ್ಕೆ ಹೋಗುತ್ತ ಭಾರತೀಯ ವರ್ತಕರ ಸ್ಥಾನ ಕುಗ್ಗತೊಡಗಿದಾಗ, ಗವರ್ನರನ ಬಳಿ ಆಸನವಿರುವ ಹೆಸರಿಗೆ ಬೆಲೆ ಹೆಚ್ಚಿತು. ದಾನ ಆ ಹೆಸರನ್ನು ಕಟ್ಟಿತು. ಹೀಗೆಂದ ಮಾತ್ರಕ್ಕೆ ಅವರು ಲೆಕ್ಕ ಹಾಕಿಯೇ ಕೊಟ್ಟರೆಂದು ನನ್ನ ವಾದವಲ್ಲ. ಲೆಕ್ಕ ಹಾಕುವ ಅಗತ್ಯವೇ ಬೀಳದಂತೆ ಆ ಸಮಾಜ ರಚಿತವಾಗಿತ್ತು. ತಾನು ಉದಾರಿ ಎಂದು ಮನಃಪೂರ್ವಕ ನಂಬಿದವನಿಗೂ ಫಲ ತಾನಾಗಿ ಬರುತ್ತಿತ್ತು. ನನಗೆ ಹೆಚ್ಚು ಮುಖ್ಯವೆನಿಸುವ ಸ್ವಾರ್ಥ ಬೇರೆಯದು. ಮುಂಬಯಿಯ ಋಣಪೀಡಿತನನ್ನು ಬಿಡಿಸಿದ ಕೈಗೆ ಕ್ಯಾಂಟನ್ನಿನ ವ್ಯಸನಿಯ ಮುಖವನ್ನು ನೋಡಬೇಕಾದ ಪ್ರಮೇಯ ಬರಲಿಲ್ಲ. ಕೊಟ್ಟದ್ದು ಒಂದು ಊರಿನಲ್ಲಿ, ಗಳಿಸಿದ್ದು ಇನ್ನೊಂದು ಊರಿನಲ್ಲಿ. ಎರಡು ಖಾತೆಗಳನ್ನು ಒಂದೇ ಪುಟದಲ್ಲಿ ಬರೆಯುವವರು ಇರಲಿಲ್ಲ. ಉದಾರಿಯೆಂಬ ಹೆಸರು ಅಂಥ ಪುಟವನ್ನು ತೆರೆಯದಂತೆ ಕಾಯುವ ಬೀಗವೂ ಆಗಿತ್ತು.

ಶಾಸನಗಳನ್ನು ಓದುವವರಿಗೆ ಇದು ಅಪರಿಚಿತವಲ್ಲ. ನಮ್ಮ ದಾನಶಾಸನಗಳು ದತ್ತಿಗಿಂತ ಮೊದಲು ದಾನಿಯ ವಂಶವನ್ನೂ ಪರಾಕ್ರಮವನ್ನೂ ಹೊಗಳುತ್ತವೆ, ಕೊನೆಗೆ ದತ್ತಿಯನ್ನು ಅಳಿದವನಿಗೆ ಶಾಪ ಕೊಡುತ್ತವೆ. ಗದ್ದೆ ಯಾರಿಂದ ಬಂತು, ಅದನ್ನು ಉಳುತ್ತಿದ್ದವರು ಏನಾದರು ಎಂಬುದನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ಬಲ್ಲದ್ದು ಹೆಚ್ಚಾಗಿ ಆಕೆಯ ಆಶ್ರಯ ಪಡೆದ ರನ್ನನಿಂದ, ಮತ್ತು ಲಕ್ಕುಂಡಿಯ ಶಾಸನದಿಂದ. ಆಕೆಯ ಗುಣದ ಬಗ್ಗೆ ಸಂದೇಹವಿಲ್ಲ. ಆದರೆ ಪಡೆದವನೇ ಸಾಕ್ಷಿಯಾಗುವ ಈ ಪದ್ಧತಿ ಸಾವಿರ ವರ್ಷಗಳಿಂದ ನಿಂತಿದೆ. ಮುಂಬಯಿಯ ಕನ್ನಡಿಗರು ಕಟ್ಟಿದ ಸಭಾಗೃಹಗಳ ಗೋಡೆಗಳಲ್ಲಿಯೂ ಮೊತ್ತದ ಇಳಿಕೆಯ ಕ್ರಮದಲ್ಲಿ ಹೆಸರುಗಳಿವೆ. ಹೋಟೆಲಿನ ಒಡೆಯನ ಹೆಸರು ಅಮೃತಶಿಲೆಯಲ್ಲಿದೆ. ಅದೇ ಹೋಟೆಲಿನಲ್ಲಿ ಹಗಲೆಲ್ಲ ತಟ್ಟೆ ತೊಳೆದು ರಾತ್ರಿಶಾಲೆಗೆ ಹೋದ ಹುಡುಗನ ಕೂಲಿ ಆ ಶಿಲೆಯಲ್ಲಿ ಎಷ್ಟು ಬೆರೆತಿದೆಯೆಂದು ಯಾರೂ ಕೆತ್ತಿಸಿಲ್ಲ. ಸಂಸ್ಮರಣ ಸಂಪುಟಗಳೂ ದತ್ತಿಹಣದಿಂದಲೇ ಅಚ್ಚಾಗುತ್ತವೆ. ಆದ್ದರಿಂದ ಪಡೆದವನ ಸಾಕ್ಷ್ಯ ಎಷ್ಟು ದೂರ ಸಲ್ಲುತ್ತದೆಂಬ ಪ್ರಶ್ನೆ ಈ ಲೇಖನಕ್ಕೂ ಅನ್ವಯಿಸುತ್ತದೆ.

ಜೀಜಿಭಾಯಿ ಅವರ ಕಡೆಯ ವರ್ಷಗಳಿಗೆ ಮರಳೋಣ. 1849ರಲ್ಲಿ ಪಾರಸಿ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಿತಕಾರಿಣಿ ಸಂಸ್ಥೆ ನೆಲೆಗೊಂಡಿತು. 1857ರ ಮಾರ್ಚಿನಲ್ಲಿ ಕಲಾಶಾಲೆ ಆರಂಭವಾಯಿತು. ಅದೇ ವರ್ಷ ಉತ್ತರ ಭಾರತ ದಂಗೆಯಲ್ಲಿ ಉರಿಯುತ್ತಿದ್ದಾಗ ಅವರಿಗೆ ಬ್ಯಾರನೆಟ್ ಪದವಿ ಬಂತು. ವಂಶಪಾರಂಪರ್ಯದ ಈ ಪದವಿ ಪಡೆದ ಮೊದಲ ಭಾರತೀಯರೂ ಅವರೇ. 1859ರ ಏಪ್ರಿಲಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಪದವಿಗಾಗಿಯೇ ಒಂದು ಕಾಯಿದೆ ಜಾರಿಗೆ ಬಂತು. ಆಸ್ಪತ್ರೆಗೆ ಒಮ್ಮೆ 1 ಲಕ್ಷ ಕೊಡುವ ವಾಗ್ದಾನ ಮಾಡಿದ ಮನೆತನ, ಪದವಿಯ ಘನತೆಯನ್ನು ಕಾಪಾಡಲು ವರ್ಷಂಪ್ರತಿ 1 ಲಕ್ಷ ರೂಪಾಯಿ ವರಮಾನ ತರುವ ಸರಕಾರಿ ಸಾಲಪತ್ರಗಳನ್ನೂ ಮಝಗಾಂವ್ ಕ್ಯಾಸಲ್ ಎಂಬ ಭವನವನ್ನೂ ಈ ಕಾಯಿದೆಯ ಮೂಲಕ ಕಟ್ಟಿಟ್ಟಿತು. ಪದವಿಗೆ ಬರುವ ಪ್ರತಿಯೊಬ್ಬ ಉತ್ತರಾಧಿಕಾರಿಯೂ ತನ್ನ ಹೆಸರನ್ನು ತೊರೆದು ಮೂಲಪುರುಷನ ಹೆಸರನ್ನೇ ಧರಿಸಬೇಕೆಂದು ಗೊತ್ತಾಯಿತು. ಹಿರಿಯ ಮಗ ಕರ್ಸೆಟ್‌ಜಿ ಹಾಗೆ ತಮ್ಮ ಹೆಸರನ್ನು ಬಿಟ್ಟು ಎರಡನೆಯ ಸರ್ ಜಮ್ಶೇಟ್‌ಜಿ ಜೀಜಿಭಾಯಿ ಆದರು. ಅವರ ನಂತರ ಬಂದವರೂ ಆ ಹೆಸರನ್ನೇ ತಳೆದರು.