ಒಂದು ಪದಗುಚ್ಛ ಮತ್ತು ಬಿ.ಎನ್. ರಾವ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಬಿ.ಎನ್. ರಾವ್ ಎಂದರೆ ಒಂದು ಅಂಕದ ಉತ್ತರ: ಸಂವಿಧಾನ ರಚನಾ ಸಭೆಯ ಸಲಹೆಗಾರ. ಸುಪ್ರೀಂ ಕೋರ್ಟಿನ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಗೂ ಅವರಿಗೂ ಇರುವ ನಂಟು ಅನೇಕರಿಗೆ ತಿಳಿದಿಲ್ಲ.

ಬೆನೆಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಬಳಿಕ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ ಐಸಿಎಸ್ ಸೇರಿದರು. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯೂ ಆದರು. 1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾದಾಗ ಅವರು ಸಭೆಯ ಸದಸ್ಯರಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ. ಆದರೂ 1947ರ ಅಕ್ಟೋಬರ್‌ನಲ್ಲಿ 243 ವಿಧಿ, 13 ಅನುಸೂಚಿಗಳ ಮೊದಲ ಕರಡು ಸಿದ್ಧಪಡಿಸಿದವರು ಅವರೇ.

ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ವಿಧಿಯಲ್ಲಿ ಆಗ ಅಮೆರಿಕದ 'ಡ್ಯೂ ಪ್ರೊಸೆಸ್' ಎಂಬ ಮಾತಿತ್ತು. ಅದು ಉಳಿದರೆ, ಕಾನೂನು ನ್ಯಾಯಯುತವೇ ಎಂದು ಕೂಡ ನ್ಯಾಯಾಲಯ ಕೇಳಬಹುದಿತ್ತು. ಅದೇ ವರ್ಷ ಅಮೆರಿಕಕ್ಕೆ ಹೋದ ರಾವ್, ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಜನರು ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯುವುದು ಸರಿಯಲ್ಲ ಎಂಬುದು ಫ್ರಾಂಕ್‌ಫರ್ಟರ್ ನಿಲುವು. ರಾವ್ ಅವರಿಗೂ ಅದು ಒಪ್ಪಿಗೆಯಾಯಿತು. ಕರಡು ಸಮಿತಿ ಆ ಮಾತನ್ನು ಕೈಬಿಟ್ಟು, ಕಾನೂನು ವಿಧಿಸಿದ ಕಾರ್ಯವಿಧಾನ ಪಾಲಿಸಿದರೆ ಸಾಕು ಎಂಬ ಅರ್ಥದ ಪದಗಳನ್ನು ಸೇರಿಸಿತು. ಸಭೆಯಲ್ಲಿ ಹಲವು ಸದಸ್ಯರು ವಿರೋಧಿಸಿದರೂ ಬದಲಾವಣೆ ಉಳಿಯಿತು. ಅದೇ ಇಂದಿನ 21ನೇ ವಿಧಿ.

ಪರಿಣಾಮ ಬೇಗನೇ ಕಂಡಿತು. ಮುನ್ನೆಚ್ಚರಿಕೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1950ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದಾಗ, ಆ ಪದಗಳನ್ನೇ ಆಧಾರವಾಗಿಟ್ಟುಕೊಂಡು ಬಹುಮತದ ತೀರ್ಪು ಬಂಧನವನ್ನು ಎತ್ತಿಹಿಡಿಯಿತು.

ರಾವ್ ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಅವರು 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ನಿಧನರಾದರು.

ಅವರು ಮುಚ್ಚಿದ ಬಾಗಿಲನ್ನು ಮುಂದೆ ನ್ಯಾಯಾಲಯವೇ ತೆರೆಯಿತು. ಕಾರ್ಯವಿಧಾನ ಇದ್ದರಷ್ಟೇ ಸಾಲದು, ಅದು ನ್ಯಾಯಯುತವೂ ಆಗಿರಬೇಕು ಎಂದು 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರಲ್ಲಿ ಖಾಸಗಿತನವೂ ಮೂಲಭೂತ ಹಕ್ಕೆಂದು ಅದೇ ವಿಧಿಯಡಿ ತೀರ್ಪು ಬಂತು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ರಾವ್ ಅವರ ಅಂಜಿಕೆ ಹುಸಿಯಲ್ಲ. ಕಾನೂನಿನ ಬಗ್ಗೆ ಕೊನೆಯ ಮಾತು ಸಂಸತ್ತಿನದೋ ನ್ಯಾಯಾಲಯದದೋ ಎಂಬ ಜಗ್ಗಾಟ ಇಂದಿಗೂ ಮುಗಿದಿಲ್ಲ. ಆದರೆ ಅನ್ಯಾಯದ ಬಂಧನಕ್ಕೆ ಸಿಕ್ಕವನಿಗೆ ಬೇಕಾದದ್ದು ಮೊರೆ ಕೇಳುವ ಒಂದು ಬಾಗಿಲು. 21ನೇ ವಿಧಿಯನ್ನು ಬಾಯಿಪಾಠ ಮಾಡುವಾಗ ಈ ಎರಡೂ ಬದಿ ನಮ್ಮ ನೆನಪಿನಲ್ಲಿರಲಿ.