ಪಾಠ ಹೇಳಲಾಗದ ಶಿಕ್ಷಕಿ, ಸಂತ ರೋಸ್ ಫಿಲಿಪೈನ್ ದುಷೇನ್

ನವೆಂಬರ್ 18 ಸಂತ ರೋಸ್ ಫಿಲಿಪೈನ್ ದುಷೇನ್ ಅವರ ಹಬ್ಬ. ಫ್ರಾನ್ಸಿನಲ್ಲಿ ಹುಟ್ಟಿ, ಮಕ್ಕಳಿಗೆ ಅಕ್ಷರ ಕಲಿಸಲೆಂದು ತಾವಾಗಿಯೇ ಕೇಳಿಕೊಂಡು ಅಮೆರಿಕಕ್ಕೆ ಹೋದ ಧರ್ಮಭಗಿನಿ ಇವರು. ನಮ್ಮ ಕಡೆ ಇವರ ಹೆಸರು ಹೆಚ್ಚು ಕೇಳಿಬರುವುದಿಲ್ಲ. ಆದರೆ ಮುಂಬಯಿಯ ಸೋಫಿಯಾ ಕಾಲೇಜು ಮತ್ತು ಬೆಂಗಳೂರಿನ ಸೋಫಿಯಾ ಹೈಸ್ಕೂಲು ನಮ್ಮಲ್ಲಿ ಅನೇಕರಿಗೆ ಪರಿಚಿತ. ಅವನ್ನು ಸ್ಥಾಪಿಸಿದ ಪವಿತ್ರ ಹೃದಯದ ಭಗಿನಿಯರ ಸಂಸ್ಥೆಗೇ ಇವರೂ ಸೇರಿದವರು.

ಫಿಲಿಪೈನ್ ಹುಟ್ಟಿದ್ದು 1769ರ ಆಗಸ್ಟ್ 29ರಂದು, ಗ್ರೆನೋಬಲ್ ನಗರದ ಅನುಕೂಲಸ್ಥ ಕುಟುಂಬದಲ್ಲಿ. ತಂದೆ ವಕೀಲರು. ಅಮೆರಿಕದ ಮಿಶನ್‌ನಿಂದ ಮರಳಿದ್ದ ಯೇಸುಸಭೆಯ ಗುರುಗಳೊಬ್ಬರು ಅಲ್ಲಿನ ಮೂಲನಿವಾಸಿಗಳ ಕಥೆಗಳನ್ನು ಹೇಳುತ್ತಿದ್ದರು. ಅದನ್ನು ಕೇಳಿದ ಬಾಲಕಿಯ ಮನಸ್ಸಿನಲ್ಲಿ ಆಸೆಯೊಂದು ಬೇರೂರಿತು. 1788ರಲ್ಲಿ, 18ರ ವಯಸ್ಸಿನಲ್ಲಿ, ಅವರು ತಮ್ಮ ಊರಿನ ವಿಸಿಟೇಶನ್ ಕನ್ಯಾಮಠ ಸೇರಿದರು. ಆದರೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಕನ್ಯಾಮಠಗಳೆಲ್ಲ ಮುಚ್ಚಿಹೋದವು. ಅವರ ಮಠವೇ ಸೆರೆಮನೆಯಾಯಿತು. ಮನೆಗೆ ಮರಳಿದ ಫಿಲಿಪೈನ್ ಸುಮ್ಮನೆ ಕೂರಲಿಲ್ಲ. ಜೀವದ ಹಂಗು ತೊರೆದು ಕೈದಿಗಳನ್ನು, ರೋಗಿಗಳನ್ನು, ಅಡಗಿದ್ದ ಗುರುಗಳನ್ನು ನೋಡಿಕೊಂಡರು.

ಶಾಂತಿ ಮರಳಿದ ಮೇಲೆ ಹಳೆಯ ಮಠವನ್ನು ಮತ್ತೆ ಎಬ್ಬಿಸಲು ಯತ್ನಿಸಿದರು. ಅದು ಕೈಗೂಡಲಿಲ್ಲ. 1804ರಲ್ಲಿ ಆ ಮಠವನ್ನೂ ತಮ್ಮನ್ನೂ ಸಂತ ಮ್ಯಾಡಲಿನ್ ಸೋಫಿ ಬಾರಾ ಅವರ ಹೊಸ ಸಂಸ್ಥೆಗೆ ಒಪ್ಪಿಸಿದರು. ಮ್ಯಾಡಲಿನ್ ಸೋಫಿ ಅವರಿಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಫಿಲಿಪೈನ್ ಅವರ ಆಜ್ಞೆಗೆ ತಲೆಬಾಗಿದರು.

ಮಿಶನ್‌ಗೆ ಕಳಿಸಿ ಎಂದು ಫಿಲಿಪೈನ್ ಮತ್ತೆ ಮತ್ತೆ ಬೇಡಿಕೊಂಡರು. ಹನ್ನೆರಡು ವರ್ಷ ಕಾಯಬೇಕಾಯಿತು. 1817ರಲ್ಲಿ ಲೂಯಿಸಿಯಾನದ ಧರ್ಮಾಧ್ಯಕ್ಷರಾದ ದುಬೂರ್ ಅವರು ಶಿಕ್ಷಕಿಯರನ್ನು ಕೇಳಲು ಪ್ಯಾರಿಸ್‌ಗೆ ಬಂದಾಗ ಒಪ್ಪಿಗೆ ದೊರೆಯಿತು. 1818ರ ಮಾರ್ಚ್‌ನಲ್ಲಿ ನಾಲ್ವರು ಭಗಿನಿಯರೊಂದಿಗೆ ರೆಬೆಕಾ ಎಂಬ ಹಡಗು ಹತ್ತಿದರು. ಮೇ 29ರಂದು, ಪವಿತ್ರ ಹೃದಯದ ಹಬ್ಬದ ದಿನವೇ, ನ್ಯೂ ಆರ್ಲಿಯನ್ಸ್ ಬಳಿ ದಡ ಸೇರಿದರು. ಆಗ ಅವರಿಗೆ 48 ವರ್ಷ. ಮುಂದೆ ಅವರು ಫ್ರಾನ್ಸನ್ನು ನೋಡಲಿಲ್ಲ, ಮ್ಯಾಡಲಿನ್ ಸೋಫಿಯವರನ್ನೂ ನೋಡಲಿಲ್ಲ.

ಮೂಲನಿವಾಸಿಗಳ ನಡುವೆ ದುಡಿಯುವ ಆಸೆ ಹೊತ್ತು ಬಂದವರನ್ನು ಧರ್ಮಾಧ್ಯಕ್ಷರು ಮಿಸೂರಿ ನದಿ ದಂಡೆಯ ಸೇಂಟ್ ಚಾರ್ಲ್ಸ್ ಊರಿಗೆ ಕಳಿಸಿದರು. ಅಲ್ಲಿ ಮರದ ದಿಮ್ಮಿಗಳ ಮನೆಯಲ್ಲಿ, 1818ರ ಸೆಪ್ಟೆಂಬರ್ 14ರಂದು, ಬಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಇದೇ ಮೊದಲ ಉಚಿತ ಶಾಲೆ ಎನ್ನುತ್ತಾರೆ. ಚಳಿ, ಹಸಿವು, ಸಾಲ ಬೆನ್ನುಬಿಡಲಿಲ್ಲ. ಇಂಗ್ಲಿಷ್ ಭಾಷೆ ಅವರಿಗೆ ಕೊನೆಯವರೆಗೂ ಸರಿಯಾಗಿ ಒಲಿಯಲಿಲ್ಲ. ಒಂದೇ ವರ್ಷದಲ್ಲಿ ಫ್ಲಾರಿಸೆಂಟ್ ಎಂಬ ಊರಿಗೆ ಸ್ಥಳ ಬದಲಿಸಬೇಕಾಯಿತು. ಆದರೂ 1828ರ ಹೊತ್ತಿಗೆ ಮಿಸೂರಿ ಮತ್ತು ಲೂಯಿಸಿಯಾನದಲ್ಲಿ ಸಂಸ್ಥೆಯ ಆರು ಮನೆಗಳು ನೆಲೆಯೂರಿದ್ದವು.

ಆ ಕಾಲದ ಒಂದು ಕಹಿ ಸತ್ಯವನ್ನು ನಾವು ಮುಚ್ಚಿಡಬಾರದು. ಅದು ಗುಲಾಮಗಿರಿಯ ನಾಡು. ಕಪ್ಪುಜನರ ಮಕ್ಕಳನ್ನು ಬಿಳಿಯರ ಮಕ್ಕಳೊಂದಿಗೆ ಶಾಲೆಗೆ ಸೇರಿಸಲು ಧರ್ಮಾಧ್ಯಕ್ಷರು ಒಪ್ಪಲಿಲ್ಲ. ಭಗಿನಿಯರ ಸಂಸ್ಥೆಯೂ ಗುಲಾಮರನ್ನು ಇಟ್ಟುಕೊಂಡಿತ್ತು. ಲೂಯಿಸಿಯಾನದ ಗ್ರ್ಯಾಂಡ್ ಕೋಟೋ ಮನೆಯಲ್ಲಿ ಹಾಗೆ ದುಡಿದವರನ್ನು 2018ರಲ್ಲಿ ಸಂಸ್ಥೆಯು ಹೆಸರು ಹಿಡಿದು ಸ್ಮರಿಸಿತು. ಸಂತರೂ ತಮ್ಮ ಕಾಲದ ಪಾಪದ ನಡುವೆಯೇ ಬದುಕಿದವರು ಎಂಬುದನ್ನು ಇದು ನಮಗೆ ನೆನಪಿಸುತ್ತದೆ.

ಫಿಲಿಪೈನ್ ಅವರ ಮೊದಲ ಆಸೆ ಮಾತ್ರ ಹಾಗೆಯೇ ಉಳಿದಿತ್ತು. 1825ರಲ್ಲಿ ಫ್ಲಾರಿಸೆಂಟ್‌ನಲ್ಲಿ ಮೂಲನಿವಾಸಿ ಹುಡುಗಿಯರಿಗಾಗಿ ಶುರುವಾದ ಶಾಲೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 1840ರಲ್ಲಿ ಅವರು ಮೇಲಧಿಕಾರದಿಂದ ಬಿಡುಗಡೆ ಪಡೆದರು. ಮರುವರ್ಷ ಯೇಸುಸಭೆಯ ಗುರುಗಳು ಪೊಟವಾಟಮಿ ಜನರ ನಡುವೆ ಶಾಲೆ ನಡೆಸಲು ಭಗಿನಿಯರನ್ನು ಕೇಳಿದರು.

ಈ ಜನರ ನೋವು ದೊಡ್ಡದು. 1838ರಲ್ಲಿ ಸುಮಾರು 850 ಮಂದಿಯನ್ನು ಇಂಡಿಯಾನಾದ ಅವರ ನೆಲದಿಂದ ಸೈನಿಕರ ಕಾವಲಿನಲ್ಲಿ ಹೊರಗಟ್ಟಲಾಯಿತು. ಎರಡು ತಿಂಗಳು, ಸಾವಿರ ಕಿಲೋಮೀಟರಿನಷ್ಟು ದಾರಿ. ದಾರಿಯಲ್ಲೇ 40ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಜೊತೆಗೆ ನಡೆದ ಯುವ ಗುರುಗಳಾದ ಬೆಂಜಮಿನ್ ಪೆಟಿ ಅವರೂ ಕಾಯಿಲೆ ಬಿದ್ದು 1839ರಲ್ಲಿ ತೀರಿಕೊಂಡರು. ಉಳಿದವರು ಇಂದಿನ ಕಾನ್ಸಸ್ ರಾಜ್ಯದ ಶುಗರ್ ಕ್ರೀಕ್‌ನಲ್ಲಿ ನೆಲೆಸಿ, ಅಲ್ಲೇ ತಮ್ಮ ಧರ್ಮಕೇಂದ್ರವನ್ನು ಕಟ್ಟಿಕೊಂಡರು.

ಅಲ್ಲಿಗೆ ಹೋಗಲು ಫಿಲಿಪೈನ್ ಮುಂದೆ ಬಂದರು. ಆಗ ಅವರಿಗೆ 71 ವರ್ಷ, ಆರೋಗ್ಯ ಕೆಟ್ಟಿತ್ತು. ಇವರನ್ನು ಬಿಟ್ಟುಹೋಗುವುದೇ ಲೇಸು ಎಂದು ಹಲವರಿಗೆ ಅನಿಸಿತು. ಆದರೆ ಅವರು ಪ್ರಾರ್ಥನೆ ಮಾಡಿದರೂ ಸಾಕು, ಅವರು ಬರಲೇಬೇಕು ಎಂದು ಮಿಶನ್‌ನ ಗುರುಗಳಾದ ವೆರ್‌ಹೇಗನ್ ಪಟ್ಟು ಹಿಡಿದರು. 1841ರ ಜುಲೈಯಲ್ಲಿ ಭಗಿನಿಯರು ಶುಗರ್ ಕ್ರೀಕ್ ತಲುಪಿದರು.

ಉಳಿದ ಭಗಿನಿಯರು ಪಾಠ ಶುರು ಮಾಡಿದರು. ಫಿಲಿಪೈನ್ ಅವರಿಂದ ಅದಾಗಲಿಲ್ಲ. ಪೊಟವಾಟಮಿ ಭಾಷೆ ನಾಲಿಗೆಗೆ ಹತ್ತಲಿಲ್ಲ. ರೋಗಿಗಳ ಬಳಿ ಹೋಗಿ ಕುಳಿತರು, ಉಳಿದ ಹೊತ್ತೆಲ್ಲ ದೇವಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು. ಅಲ್ಲಿನ ಮಕ್ಕಳು ಅವರ ಉಡುಪಿನ ಅಂಚಿನ ಮೇಲೆ ಮೆಲ್ಲನೆ ಜೋಳದ ಕಾಳು ಇಟ್ಟುಹೋಗುತ್ತಿದ್ದರಂತೆ. ಎಷ್ಟೋ ಹೊತ್ತಿನ ಬಳಿಕ ಬಂದು ನೋಡಿದರೂ ಕಾಳು ಇಟ್ಟಲ್ಲೇ ಇರುತ್ತಿತ್ತು ಎಂಬ ಕಥೆ ಇಂದಿಗೂ ಉಳಿದಿದೆ. ಸದಾ ಪ್ರಾರ್ಥಿಸುವ ಸ್ತ್ರೀ ಎಂದು ಆ ಜನ ಅವರಿಗೆ ಹೆಸರಿಟ್ಟರು.

ಒಂದೇ ವರ್ಷ. ಚಳಿಗಾಲ ಅವರನ್ನು ಹಣ್ಣು ಮಾಡಿತು. 1842ರಲ್ಲಿ ಹಿಂದಿರುಗಲು ಆಜ್ಞೆ ಬಂದಿತು. ಜೀವಮಾನವಿಡೀ ಬಯಸಿದ್ದನ್ನು ಬಿಟ್ಟುಬರುವುದು ಅವರಿಗೆ ದೊಡ್ಡ ಶಿಲುಬೆಯಾಗಿತ್ತು. ಆದರೂ ವಿಧೇಯರಾದರು. ಸೇಂಟ್ ಚಾರ್ಲ್ಸ್‌ನಲ್ಲಿ, ದೇವಾಲಯದ ಹತ್ತಿರದ ಪುಟ್ಟ ಕೋಣೆಯಲ್ಲಿ, ಇನ್ನೂ ಹತ್ತು ವರ್ಷ ಬದುಕಿ 1852ರ ನವೆಂಬರ್ 18ರಂದು 83ರ ಪ್ರಾಯದಲ್ಲಿ ದೈವಾಧೀನರಾದರು. ಪೋಪ್ ಹನ್ನೆರಡನೇ ಪಿಯುಸ್ 1940ರಲ್ಲಿ ಅವರನ್ನು ಪುನೀತೆ ಎಂದೂ, ಪೋಪ್ ಎರಡನೇ ಜಾನ್ ಪಾಲ್ 1988ರ ಜುಲೈ 3ರಂದು ಸಂತರೆಂದೂ ಘೋಷಿಸಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ನಾವು ಸೇವೆಯನ್ನು ಬಹುತೇಕ ಲೆಕ್ಕದಲ್ಲೇ ಅಳೆಯುತ್ತೇವೆ. ಎಷ್ಟು ಮಕ್ಕಳು, ಎಷ್ಟು ಕಾರ್ಯಕ್ರಮ, ಎಷ್ಟು ಕಟ್ಟಡ ಎಂದು ಕೇಳುತ್ತೇವೆ. ಆ ಲೆಕ್ಕದಲ್ಲಿ ಶುಗರ್ ಕ್ರೀಕ್‌ನ ಆ ವರ್ಷಕ್ಕೆ ಸೊನ್ನೆ ಅಂಕ. ಆದರೆ ನೆಲ ಕಳೆದುಕೊಂಡಿದ್ದ, ಮಕ್ಕಳನ್ನು ಮಣ್ಣು ಮಾಡಿ ಬಂದಿದ್ದ ಆ ಜನ ಈ ವೃದ್ಧ ಭಗಿನಿಯನ್ನು ಮರೆಯಲಿಲ್ಲ. ಅವರಿಂದ ಏನನ್ನೂ ಕಸಿದುಕೊಳ್ಳದೆ, ಅವರ ನಡುವೆ ಕುಳಿತು ಪ್ರಾರ್ಥಿಸಿದವರು ಇವರು. ಧರ್ಮೋಪದೇಶ ತರಗತಿಯಲ್ಲಿ ಮಾತು ಸೋತ ಶಿಕ್ಷಕಿಯರು, ನಿವೃತ್ತಿ ಮನೆಗಳಲ್ಲಿ ಜಪಸರ ಹಿಡಿದು ಕುಳಿತ ನಮ್ಮ ಹಿರಿಯ ಭಗಿನಿಯರು, ತಮ್ಮಿಂದ ಇನ್ನೇನೂ ಆಗದೆಂದು ಕೊರಗದಿರಲಿ. ಅವರನ್ನು ಕಾಣಲು ಈ ವಾರ ನಾವೂ ಸ್ವಲ್ಪ ಬಿಡುವು ಮಾಡಿಕೊಳ್ಳೋಣ.