ಮೇಷ್ಟ್ರ ಮಾತು ನಂಬಿ ನಡೆದ ಹುಡುಗ

ಜಯನಗರ, ಬಸವನಗುಡಿಯವರಿಗೆ ಡಾ. ಎಚ್. ನರಸಿಂಹಯ್ಯನವರ ಹೆಸರು ಹೊಸದಲ್ಲ. ಜಯನಗರದ ನ್ಯಾಷನಲ್ ಕಾಲೇಜಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಖಾದಿ ಪಂಚೆ, ಜುಬ್ಬ, ಟೋಪಿಯ ಆ ಹಿರಿಯರು 2005ರ ಜನವರಿ 31ರಂದು ತೀರಿಕೊಂಡಾಗ ನಾವಿನ್ನೂ ವಿದ್ಯಾರ್ಥಿಗಳು. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಅವರ ಬಾಳನ್ನು ನೆನೆಯಲು ಒಂದು ಕಾರಣವಿದೆ.

ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಊರಿನ ಶಾಲೆ ಮುಗಿದ ಮೇಲೆ ಮುಂದೆ ಓದಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಆಗ ನೆರವಾದವರು ಅವರ ಹಳೆಯ ಮೇಷ್ಟ್ರು ಎಂ. ಎಸ್. ನಾರಾಯಣರಾಯರು. ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರುವಂತೆ ಹೇಳಿದರು. 1935ರಲ್ಲಿ ಹುಡುಗ 80 ಕಿ.ಮೀ.ಗೂ ಹೆಚ್ಚು ದೂರವನ್ನು ಎರಡು ದಿನ ನಡೆದು ಬಂದ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ 1942ರ ಚಳವಳಿ ಬಂತು. ಎಚ್ಚೆನ್ ಓದು ಬಿಟ್ಟು ಜೈಲಿಗೆ ಹೋದರು. ಹಾಗೆ ನಿಂತ ಓದು ಎಷ್ಟೋ ಜನರಿಗೆ ನಿಂತೇ ಹೋಗುತ್ತದೆ. ಅವರು ಮರಳಿ ಬಂದು ಎಂ.ಎಸ್ಸಿ. ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪ್ರಾಂಶುಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಮದುವೆಯಾಗದೆ, ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಹುಡುಗರ ಜೊತೆ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜುಗಳು ತಲೆಯೆತ್ತಲು ಶ್ರಮಿಸಿದರು. ಅಲ್ಲಿನ ಮಕ್ಕಳು ಓದಿಗಾಗಿ ಬೆಂಗಳೂರಿಗೆ ನಡೆದು ಬರಬೇಕಾಗಿಲ್ಲ.

ಈ ಕಥೆಯನ್ನು ಛಲವಿದ್ದರೆ ಸಾಕು ಎನ್ನುವ ನೀತಿಗೆ ಬಳಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಛಲ ಹುಡುಗನದು, ನಿಜ. ಆದರೆ ಶಾಲೆ ಬಿಟ್ಟು ಹೋದ ಹುಡುಗನನ್ನು ಮೇಷ್ಟ್ರು ಮರೆತಿದ್ದರೆ ಆ ಛಲ ಹೊಸೂರಿನಲ್ಲೇ ಉಳಿಯುತ್ತಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಇ. ಸೇರಿದ ನಾನು ಮೊದಲ ಸೆಮಿಸ್ಟರಿನಲ್ಲೇ ಎರಡು ವಿಷಯ ಫೇಲಾಗಿ, ಕಾಲೇಜು ಬಿಡುವ ಯೋಚನೆಯಲ್ಲಿದ್ದೆ. ಸುದ್ದಿ ತಿಳಿದ ನಮ್ಮ ಶಾಲೆಯ ಗಣಿತದ ಮೇಡಂ ಕರೆಸಿಕೊಂಡು, ನಾಲ್ಕು ಭಾನುವಾರ ಕೂರಿಸಿ ಲೆಕ್ಕ ಹೇಳಿಕೊಟ್ಟರು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ, ನನಗಿಂತ ಜಾಣನಾಗಿದ್ದ ಗೆಳೆಯ ಪಿಯುಸಿಗೇ ಓದು ಬಿಟ್ಟ. ಅವನ ಸುದ್ದಿ ಯಾರಿಗೂ ತಲುಪಲಿಲ್ಲ. ನನಗೂ ತಲುಪಲಿಲ್ಲ.

ಹಳೆಯ ವಿದ್ಯಾರ್ಥಿಗಳಾದ ನಾವು ಕಟ್ಟಡಕ್ಕೆ ಬಣ್ಣ ಹೊಡೆಸಿದ್ದೇವೆ, ಕಂಪ್ಯೂಟರು ಕೊಟ್ಟಿದ್ದೇವೆ, ಸಂತೋಷ. ಇನ್ನು ಪ್ರತಿವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವ ಮಕ್ಕಳ ಹೆಸರುಗಳನ್ನು ಹಂಚಿಕೊಂಡು, ಅವರು ಡಿಗ್ರಿ ಮುಗಿಸುವವರೆಗೆ ಆಗಾಗ ಫೋನ್ ಮಾಡಿ ವಿಚಾರಿಸೋಣ. ಮೊದಲ ಐದು ಹೆಸರು ನನಗಿರಲಿ.